ಸಿನಿಮಾ ಹಾಡಿನಡಿ ಉಳಿದಿದ್ದ ಸೋಬಾನೆ

ಆಷಾಢದಲ್ಲಿ ಕಲ್ಯಾಣ ಮಂಟಪಗಳಿಗೆ ಬೀಗ, ಎಡಿಟಿಂಗ್ ಕೋಣೆಗಳಿಗೆ ಸುಗ್ಗಿ. ಬೆಂಗಳೂರಿನ ಹೂಡಿ ಸುತ್ತಮುತ್ತ ಈಗ ಹೊಸ ಮದುವೆಗಳ ಜೊತೆ ಹಳೇ ಮದುವೆಗಳೂ ಟೈಮ್‌ಲೈನ್ ಹತ್ತುತ್ತಿವೆ. ‘ಆ ಹಾಡು ತೆಗೀರಿ, ನಮ್ಮವರ ದನಿ ಕೇಳಿಸಿ’ ಎಂದು ಬರುವವರಿಗೆ ದನಿ ಮರಳಿ ಸಿಗುತ್ತದೆಯೇ? ಬಹಳಷ್ಟು ಸಲ ಸಿಗುತ್ತದೆ.

ತೆರೆಯ ಮೇಲೆ ಅರಿಶಿನ ಶಾಸ್ತ್ರ. ಹೊಸಕೋಟೆ ಕಡೆಯ ಹಳ್ಳಿಮನೆ, ಹಸಿರು ಚಪ್ಪರ, ಒರಳಿನ ಸುತ್ತ ಮುತ್ತೈದೆಯರು. ಅವರ ಹಿಂದೆ ಗೋಡೆಗೊರಗಿ ಕೂತ ಅಜ್ಜಿಯೊಬ್ಬರು ಬಾಯ್ತುಂಬ ಹಾಡುತ್ತಿದ್ದಾರೆ. ಕತ್ತಿನ ನರ ಉಬ್ಬಿದೆ, ಕೈ ತೊಡೆಯ ಮೇಲೆ ತಾಳ ಹಾಕುತ್ತಿದೆ. ಕೇಳಿಸುತ್ತಿರುವುದು ಮಾತ್ರ ಆ ವರ್ಷ ಓಡಿದ ಯಾವುದೋ ಸಿನಿಮಾದ ಪ್ರೇಮಗೀತೆ.

“ಇದೇ ಅಣ್ಣಾ, ಇಲ್ಲಿಂದ. ನಮ್ಮಜ್ಜಿ ಹಾಡಿರೋದು ಬೇಕು ನಂಗೆ.”

“ಡಿವಿಡೀಲಿ ಸಿಗಲ್ಲಕ್ಕಾ. ಮಾತು ಎತ್ತಾಕಿ ಹಾಡು ಕೂರಿಸಿಬಿಟ್ಟವ್ರೆ. ಕ್ಯಾಸೆಟ್ ಏನಾದ್ರೂ ಇದ್ಯಾ?”

2005ರ ಮದುಮಗಳು ಬ್ಯಾಗಿನಿಂದ ಬಿಸ್ಕತ್ ಡಬ್ಬ ತೆಗೆಯುತ್ತಾರೆ. ಒಳಗೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಮಿನಿಡಿವಿ ಕ್ಯಾಸೆಟ್. ಬೆನ್ನಿನ ಮೇಲೆ ಪೆನ್ನಿನಲ್ಲಿ ಬರೆದಿದೆ: ‘ಅರಿಶಿಣ, 1’.

ಹಳೇ ಕ್ಯಾಮೆರಾಗೆ ಫೈರ್‌ವೈರ್ ಕೇಬಲ್ ಹಾಕಿ ಕ್ಯಾಪ್ಚರ್ ಮಾಡಿದ ಮೇಲೆ ಎಡಿಟರ್ ಪ್ಲೇ ಒತ್ತುತ್ತಾರೆ. ಮೊದಲು ಜನರೇಟರ್ ಗುಂಯ್‌ಗುಡುವ ಸದ್ದು. ಆಮೇಲೆ ಪಾತ್ರೆ ಬಿದ್ದದ್ದು. “ಏ, ಎಣ್ಣೆ ಬಟ್ಲು ತತ್ತಾರೇ” ಎಂದು ಯಾರೋ ಕೂಗಿದ್ದು. ಅದರ ಹಿಂದೆಯೇ, ಒಡೆದ ಗಂಟಲಿನ ಆ ದನಿ, ಒಂದು ಸಾಲು ಒಬ್ಬರೇ, ಇನ್ನೊಂದು ಸಾಲು ಎಲ್ಲರೂ ಸೇರಿ. ಮುಂದಿನ ನಾಲ್ಕು ನಿಮಿಷ ಎಡಿಟರ್ ಮೌಸ್ ಮುಟ್ಟಲಿಲ್ಲ.

ಡಿಲೀಟ್ ಆದದ್ದು ಏನು?

ತೊಂಬತ್ತರ ದಶಕದಿಂದ ಎರಡು ಸಾವಿರದ ಹತ್ತರವರೆಗೆ ನಮ್ಮ ಮದುವೆ ವಿಡಿಯೊಗಳಿಗೆ ಒಂದೇ ಪದ್ಧತಿ ಇತ್ತು. ಮಂಟಪದ ಗದ್ದಲ ‘ಚೆನ್ನಾಗಿರಲ್ಲ’ ಎಂದು ಅದನ್ನು ಮ್ಯೂಟ್ ಮಾಡಿ ಉದ್ದಕ್ಕೂ ಸಿನಿಮಾ ಹಾಡು ಹಾಸುವುದು. ಮನೆಯವರೂ ಅದನ್ನೇ ಕೇಳುತ್ತಿದ್ದರು. ಆಗ ಅಜ್ಜಿ ಮನೆಯಲ್ಲೇ ಇದ್ದರು, ದನಿ ಬೇಕೆಂದರೆ ಅಡುಗೆಮನೆಗೆ ಹೋದರೆ ಸಾಕಿತ್ತು. ಇಪ್ಪತ್ತು ವರ್ಷದ ಮೇಲೆ ಅದೇ ವಿಡಿಯೊ ನೋಡುವಾಗ ಹಾಡು ಯಾರಿಗೂ ಬೇಡ.

ದನಿಯನ್ನು ಮರಳಿ ತರಲು ಆಗುತ್ತದೆಯೇ ಎನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಮೂಲ ಕ್ಲಿಪ್ ಎಲ್ಲಾದರೂ ಉಳಿದಿದೆಯೇ?

ಕಂಪ್ಯೂಟರಿನಲ್ಲಿ ಎಡಿಟ್ ಮಾಡುವಾಗ ಕ್ಯಾಮೆರಾದಿಂದ ಬಂದ ಫೈಲು ಹಾರ್ಡ್‌ಡಿಸ್ಕಿನಲ್ಲಿ ಇದ್ದ ಹಾಗೇ ಇರುತ್ತದೆ. ಪ್ರಾಜೆಕ್ಟ್ ಫೈಲಿನೊಳಗೆ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಮದುವೆ ಅಡುಗೆಯವರು ಬರೆದುಕೊಡುವ ಸಾಮಾನಿನ ಚೀಟಿಯಲ್ಲಿ ಅಕ್ಕಿ ಇರುವುದಿಲ್ಲ, ಎಷ್ಟು ಅಕ್ಕಿ ತರಬೇಕು ಎಂದಷ್ಟೇ ಇರುತ್ತದೆ, ಇದೂ ಹಾಗೆ. ‘ಇಂಥ ಫೋಲ್ಡರಿನ ಇಂಥ ಕ್ಲಿಪ್, 12ನೇ ಸೆಕೆಂಡಿನಿಂದ 19ರವರೆಗೆ, ಸದ್ದು ಬೇಡ’ ಎಂಬಂಥ ಸೂಚನೆಗಳ ಪಟ್ಟಿ ಅದು. ಟೈಮ್‌ಲೈನಿನಲ್ಲಿ ಆಡಿಯೊ ಪಟ್ಟಿಯನ್ನು ಆರಿಸಿ ಡಿಲೀಟ್ ಒತ್ತಿದರೆ ಅಳಿಸುವುದು ಆ ಸೂಚನೆ ಮಾತ್ರ. ಮೂಲ ಕ್ಲಿಪ್ಪಿನೊಳಗೆ ದನಿ ಹಾಗೇ ಕೂತಿರುತ್ತದೆ. ಪ್ರಾಜೆಕ್ಟ್ ತೆರೆದಾಗ ‘ಮೀಡಿಯಾ ಆಫ್‌ಲೈನ್’ ಎಂದು ಕೆಂಪು ತೆರೆ ಬಂದರೂ ಗಾಬರಿ ಬೇಡ. ಬಹಳಷ್ಟು ಸಲ ಕ್ಲಿಪ್ ಇರುವ ಜಾಗ ಬದಲಾಗಿದೆ ಎಂದಷ್ಟೇ ಅದರ ಅರ್ಥ. ಫೋಲ್ಡರ್ ಹುಡುಕಿ ತೋರಿಸಿದರೆ ಮತ್ತೆ ಜೋಡಣೆಯಾಗುತ್ತದೆ.

ನಿಜವಾಗಿ ದನಿ ಹೋಗುವುದು ಬೇರೆ ಕಡೆ. ಎಡಿಟ್ ಮುಗಿಸಿ ಒಂದೇ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಡಿಸ್ಕ್ ಖಾಲಿ ಮಾಡಲೆಂದು ರಾ ಫೂಟೇಜ್ ಅಳಿಸಿದಾಗ ಹೋಗುತ್ತದೆ. ಸೌಂಡ್ ಎಡಿಟರಿನಲ್ಲಿ ಮೂಲ ಫೈಲನ್ನೇ ತೆರೆದು, ಗದ್ದಲ ಕಡಿಮೆ ಮಾಡಿ, ಅದೇ ಹೆಸರಿನಲ್ಲಿ ಸೇವ್ ಮಾಡಿದಾಗ ಹೋಗುತ್ತದೆ. ಕ್ಯಾಸೆಟ್ ಕಾಲದಲ್ಲಿ ಒಂದು ಮದುವೆಯ ಟೇಪಿನ ಮೇಲೆ ಮುಂದಿನ ವಾರದ ಮದುವೆ ತೆಗೆಯುತ್ತಿದ್ದ ಸ್ಟುಡಿಯೊಗಳು ಇದ್ದವು. ಅಲ್ಲಿ ಹೋದದ್ದು ಹೋಯಿತು.

▪ ಬಾಕ್ಸ್: ಹಳೇ ಕ್ಯಾಸೆಟ್ಟಿನಲ್ಲಿ ದನಿ ಅಡಗುವ ಜಾಗ

ವಿಎಚ್‌ಎಸ್: ಸಾಮಾನ್ಯ ವಿಎಚ್‌ಎಸ್ ಟೇಪಿನ ಅಂಚಿನಲ್ಲಿ ಒಂದು ಕಿರಿದಾದ ಆಡಿಯೊ ಪಟ್ಟಿ ಇರುತ್ತದೆ. ನಮ್ಮ ಪ್ಯಾಲ್ ಪದ್ಧತಿಯಲ್ಲಿ ಟೇಪು ಸೆಕೆಂಡಿಗೆ ಸುಮಾರು 2.34 ಸೆಂ.ಮೀ. ಮಾತ್ರ ಓಡುತ್ತದೆ, ಹಾಡಿನ ಕ್ಯಾಸೆಟ್ಟಿನ ಅರ್ಧ ವೇಗ. ದನಿ ಮಂಕಾಗಿರಲು ಅದೇ ಕಾರಣ. ಹೈ-ಫೈ ಯಂತ್ರದಲ್ಲಿ ಚಿತ್ರೀಕರಿಸಿದ್ದರೆ ಚಿತ್ರದ ಜೊತೆಗೇ ಇನ್ನೊಂದು ಸ್ಟೀರಿಯೊ ಪಟ್ಟಿ ಬರೆದಿರುತ್ತದೆ. ‘ಆಡಿಯೊ ಡಬ್’ ಮಾಡಿ ಹಾಡು ಹಾಕಿದಾಗ ಬದಲಾಗುವುದು ಅಂಚಿನ ಪಟ್ಟಿ ಮಾತ್ರ. ಹೈ-ಫೈ ಪಟ್ಟಿ ಹಾಗೇ ಉಳಿಯುತ್ತದೆ. ಪ್ಲೇಯರಿನ ಆಯ್ಕೆ ಬದಲಿಸಿ ಕೇಳಿ.

ಮಿನಿಡಿವಿ: 12 ಬಿಟ್ ವಿಧಾನದಲ್ಲಿ ಚಿತ್ರೀಕರಿಸಿದ್ದರೆ ಎರಡು ಸ್ಟೀರಿಯೊ ಜೋಡಿಗೆ ಜಾಗವಿರುತ್ತದೆ. ಮೊದಲನೆಯದರಲ್ಲಿ ಸ್ಥಳದ ದನಿ, ಎರಡನೆಯದರಲ್ಲಿ ಆಮೇಲೆ ಸೇರಿಸಿದ ಹಾಡು. ಕ್ಯಾಮೆರಾ ಮೆನುವಿನಲ್ಲಿ ‘ಸ್ಟೀರಿಯೊ 1’ ಆರಿಸಿಕೊಂಡು ಕ್ಯಾಪ್ಚರ್ ಮಾಡಬೇಕು.

ಕಾಯಿ ಒಡೆದ ಫ್ರೇಮ್

ದನಿ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯದು. ಅದನ್ನು ತುಟಿಗೆ ಕೂರಿಸಬೇಕು.

ಡಿವಿಡಿಯ ಕಟ್ ಮನೆಯವರಿಗೆಲ್ಲ ಬಾಯಿಪಾಠ. ಮೊದಲು ಚಪ್ಪರ, ಆಮೇಲೆ ಒರಳು, ಆಮೇಲೆ ಬಳೆ ತೊಡಿಸುವುದು. ಆ ಕ್ರಮ ಕೆಡಿಸದೆ, ಪ್ರತಿ ತುಣುಕಿಗೂ ಕ್ಯಾಸೆಟ್ಟಿನಲ್ಲಿ ಅದರದೇ ದನಿ ಹುಡುಕಬೇಕು. ಸಾಫ್ಟ್‌ವೇರುಗಳಲ್ಲಿ ವೇವ್‌ಫಾರ್ಮ್ ಹೋಲಿಸಿ ತಾನಾಗಿಯೇ ಸಿಂಕ್ ಮಾಡುವ ಸೌಲಭ್ಯವಿದೆ. ಎರಡು ಕ್ಯಾಮೆರಾ, ಒಂದು ರೆಕಾರ್ಡರ್ ಒಂದೇ ಸದ್ದನ್ನು ಹಿಡಿದಿದ್ದಾಗ ಅದು ಕ್ಷಣದಲ್ಲಿ ಜೋಡಿಸಿಬಿಡುತ್ತದೆ. ಇಲ್ಲಿ ಅದು ಸೋಲುತ್ತದೆ. ಒಂದು ಕಡೆ ಸಿನಿಮಾ ಹಾಡು, ಇನ್ನೊಂದು ಕಡೆ ಸೋಬಾನೆ. ಹೋಲಿಸಲು ಏನೂ ಇಲ್ಲ.

ಆಗ ಕಣ್ಣೇ ಗತಿ. ಹೂಡಿಯ ಆ ಎಡಿಟರ್ ಆರಿಸಿಕೊಂಡದ್ದು ತೆಂಗಿನಕಾಯಿಯನ್ನು. ಕಾಯಿ ಕಲ್ಲಿಗೆ ತಾಗುವ ಫ್ರೇಮ್ ಡಿವಿಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಸೆಟ್ಟಿನ ವೇವ್‌ಫಾರ್ಮಿನಲ್ಲಿ ಅದೇ ಏಟು ಒಂಟಿ ಗೆರೆಯಾಗಿ ಮೇಲೆದ್ದಿದೆ. ಎರಡನ್ನೂ ಒಂದರ ಕೆಳಗೊಂದು ತಂದು, ಒಂದೊಂದೇ ಫ್ರೇಮ್ ಸರಿಸಿ ಕೂರಿಸಿದರು. ಸಿನಿಮಾ ಸೆಟ್ಟಿನಲ್ಲಿ ಕ್ಲ್ಯಾಪ್ ಹೊಡೆಯುವುದು ಇದಕ್ಕೇ. ಮದುವೆ ಮನೆಯಲ್ಲಿ ಕ್ಲ್ಯಾಪ್ ಇಲ್ಲದಿದ್ದರೂ ಕಾಯಿ ಒಡೆಯುವುದು, ವಾಲಗದ ಮೊದಲ ಪೆಟ್ಟು, ಗಟ್ಟಿಮೇಳ ಇದ್ದೇ ಇರುತ್ತವೆ.

ಆಮೇಲೆ ಎದುರಾದದ್ದು ಸ್ಲೋ ಮೋಷನ್. ಹಳೇ ಎಡಿಟರ್ ಅಜ್ಜಿಯ ಶಾಟನ್ನು ಅರ್ಧ ವೇಗಕ್ಕೆ ಇಳಿಸಿದ್ದರು, ಹಾಡಿಗೆ ಹೊಂದಲೆಂದು. ನಾಲ್ಕು ಸೆಕೆಂಡಿನ ಚಿತ್ರ ಎಂಟು ಸೆಕೆಂಡಾಗಿದೆ. ದನಿಯನ್ನೂ ಎಳೆದು ಎಂಟು ಸೆಕೆಂಡಿಗೆ ಹೊಂದಿಸಬಹುದು, ಸಾಫ್ಟ್‌ವೇರು ಬೇಡ ಎನ್ನುವುದಿಲ್ಲ. ಹಾಗೆ ಮಾಡಿದರೆ ಅದು ಅಜ್ಜಿಯ ಹಾಡಾಗಿ ಉಳಿಯುವುದಿಲ್ಲ. ಎಡಿಟರ್ ಚಿತ್ರವನ್ನೇ ಮೂಲ ವೇಗಕ್ಕೆ ತಂದರು, ಮಿಕ್ಕ ಜಾಗಕ್ಕೆ ಕ್ಯಾಸೆಟ್ಟಿನಿಂದ ಮುಂದಿನ ನಾಲ್ಕು ಸೆಕೆಂಡನ್ನು ಎತ್ತಿ ಹಾಕಿದರು. ದನಿಯನ್ನು ಮರಳಿ ತರಲು ಹೊರಟರೆ ಚಿತ್ರದ ಲಯವನ್ನೂ ಮರಳಿ ತರಬೇಕಾಗುತ್ತದೆ. ಈ ಕೆಲಸಕ್ಕೆ ದುಡ್ಡು ಯಾಕೆ ಹೆಚ್ಚು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

▪ ಬಾಕ್ಸ್: ಎಷ್ಟು ತಪ್ಪಿದರೆ ಕಣ್ಣಿಗೆ ಬೀಳುತ್ತದೆ?

ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಚಿತ್ರಕ್ಕಿಂತ ದನಿ 45 ಮಿಲಿಸೆಕೆಂಡ್ ಮೊದಲೇ ಬಂದರೆ ನೋಡುಗರಿಗೆ ಗೊತ್ತಾಗುತ್ತದೆ. ದನಿ ತಡವಾದರೆ 125ರವರೆಗೂ ಗೊತ್ತಾಗುವುದಿಲ್ಲ. ಲೋಕದಲ್ಲಿ ಸದ್ದು ಯಾವಾಗಲೂ ಬೆಳಕಿಗಿಂತ ಹಿಂದೆಯೇ ಬರುವುದರಿಂದ ನಮ್ಮ ಕಿವಿಗೆ ತಡ ಅಭ್ಯಾಸ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮಂಟಪದ ಹಿಂದಿನ ಸಾಲಿನಲ್ಲಿ, 34 ಮೀಟರ್ ದೂರದಲ್ಲಿ ನಿಂತ ಕ್ಯಾಮೆರಾಗೆ ವಾಲಗದ ಸದ್ದು ಎರಡೂವರೆ ಫ್ರೇಮ್ ತಡವಾಗಿ ತಲುಪುತ್ತದೆ.

ಅಪ್ಪು ದನಿ ಮರಳಿದ ಏಪ್ರಿಲ್

ಮನೆಯ ಮಟ್ಟಿಗೆ ಒಬ್ಬರು ಪಡುವ ಈ ಹಂಬಲವನ್ನು ಇಡೀ ಕರ್ನಾಟಕ ಒಮ್ಮೆ ಒಟ್ಟಿಗೆ ಪಟ್ಟಿದೆ.

ಜನ ಅಪ್ಪು ಎಂದೇ ಕರೆದ ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ‘ಜೇಮ್ಸ್’ ಚಿತ್ರಕ್ಕೆ ಅವರು ಡಬ್ಬಿಂಗ್ ಮಾಡಿರಲಿಲ್ಲ. ನಿರ್ದೇಶಕ ಚೇತನ್ ಕುಮಾರ್ ತಂಡ ಆ ಪಾತ್ರಕ್ಕೆ ಶಿವರಾಜ್‌ಕುಮಾರ್ ಅವರಿಂದ ದನಿ ಕೊಡಿಸಿತು. 2022ರ ಮಾರ್ಚ್ 17ರಂದು, ಅಪ್ಪು ಹುಟ್ಟುಹಬ್ಬದ ದಿನ, ಚಿತ್ರ ಬಿಡುಗಡೆಯಾಯಿತು. ತಮ್ಮನ ಮುಖಕ್ಕೆ ಅಣ್ಣನ ದನಿ. ಚಿತ್ರಮಂದಿರಗಳಲ್ಲಿ ಜನ ಅತ್ತರು, ಶಿವಣ್ಣನ ದನಿಗೆ ಕೈಮುಗಿದರು. ಆದರೂ ‘ಅಪ್ಪು ದನಿ ಇದ್ದಿದ್ದರೆ’ ಎಂಬ ಮಾತು ನಿಲ್ಲಲಿಲ್ಲ. ಮರು ತಿಂಗಳೇ, ಏಪ್ರಿಲ್‌ನಲ್ಲಿ, ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರ ದನಿಯನ್ನೇ ಕೂರಿಸಿದ ಆವೃತ್ತಿ ಬಂತು.

ಕನ್ನಡ ಚಿತ್ರರಂಗದಲ್ಲಿ ಸಾಮಾನ್ಯವಾಗಿ ಸೆಟ್ಟಿನಲ್ಲಿ ಹಿಡಿಯುವ ದನಿಗೆ ‘ಪೈಲಟ್ ಟ್ರ್ಯಾಕ್’ ಎನ್ನುತ್ತಾರೆ. ಡಬ್ಬಿಂಗ್ ಕೋಣೆಯಲ್ಲಿ ನಟರಿಗೆ ಮಾತು ನೆನಪಿಸಲು ಮಾತ್ರ ಅದರ ಬಳಕೆ. ಜನರೇಟರ್ ಸದ್ದು, ಸಹಾಯಕರ ಪಿಸುಮಾತು, ಲೈಟ್ ಹುಡುಗರ ಓಡಾಟ ಎಲ್ಲ ಅದರಲ್ಲಿ ಇರುತ್ತದೆ. ಡಬ್ಬಿಂಗ್ ಮುಗಿದ ಕೂಡಲೇ ಅದಕ್ಕೆ ಬೆಲೆಯಿಲ್ಲ. ಹಾಗೆ ಬೆಲೆಯಿಲ್ಲದ ಟ್ರ್ಯಾಕು ಒಬ್ಬ ನಟ ಇಲ್ಲವಾದ ದಿನ ಚಿನ್ನವಾಗುತ್ತದೆ. ಸ್ಥಳದಲ್ಲೇ ದನಿ ಹಿಡಿಯುವ ಸಿಂಕ್ ಸೌಂಡ್ ಪದ್ಧತಿಗೆ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಮತ್ತೆ ಜೀವ ಕೊಟ್ಟಿತು. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ‘ತಿಥಿ’ಯ ಮಾತು ಅಷ್ಟು ಜೀವಂತವಾಗಿರುವುದಕ್ಕೆ ಅದು ಅವರದೇ ಬಾಯಿಂದ, ಅದೇ ಜಾಗದಲ್ಲಿ ಬಂದದ್ದೂ ಕಾರಣ. ಪ್ರತಿ ನಿರ್ಮಾಪಕರೂ ಪೈಲಟ್ ಟ್ರ್ಯಾಕನ್ನು ಜೋಪಾನವಾಗಿ ತೆಗೆದಿಡುವುದನ್ನು ರೂಢಿ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾಗುವ ಡಿಸ್ಕಿನ ಜಾಗ ಚಿತ್ರದ ಜಾಗದ ಮುಂದೆ ಲೆಕ್ಕಕ್ಕೇ ಇಲ್ಲ.

ಪುಣೆಯಲ್ಲಿ ಉಳಿದದ್ದು, ಎಲ್ಲೂ ಉಳಿಯದ್ದು

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಹೊಸ ಹೊಳಪಿನಲ್ಲಿ ತೆರೆಕಂಡಿತು. ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಇಟಲಿಯ ಬೊಲೋನ್ಯಾದ ಲ್ಯಾಬಿನಲ್ಲಿ ಅದನ್ನು ದುರಸ್ತಿ ಮಾಡಿಸಿದವು. ಅದು ಸಾಧ್ಯವಾದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿದ್ದರಿಂದ.

ಫಿಲಂ ಕಾಲದಲ್ಲಿ ಚಿತ್ರಕ್ಕೊಂದು, ದನಿಗೊಂದು ಬೇರೆ ಬೇರೆ ನೆಗೆಟಿವ್ ಇರುತ್ತಿದ್ದವು. ಪ್ರಿಂಟಿನಲ್ಲಿ ಚಿತ್ರದ ಪಕ್ಕ ಅಂಕುಡೊಂಕಾಗಿ ಸಾಗುವ ತೆಳು ಬಿಳಿ ಪಟ್ಟಿಯೇ ದನಿ. ಬೆಳಕು ಅದರ ಮೂಲಕ ಹಾದು ಸದ್ದಾಗುತ್ತದೆ. ಪಟ್ಟಿಯ ಮೇಲೆ ಗೀರು ಬಿದ್ದರೆ ಸಭಾಂಗಣದಲ್ಲಿ ಪಟಪಟ ಸದ್ದು. ‘ಘಟಶ್ರಾದ್ಧ’ದ ಸಂಗೀತಕ್ಕೆ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಅಂಥ ಚಿತ್ರದಲ್ಲಿ ಪಟಪಟ ಸದ್ದು ತೆಗೆಯುವ ಭರದಲ್ಲಿ ಮೌನವನ್ನೂ ಒರೆಸಿಬಿಟ್ಟರೆ ಚಿತ್ರವೇ ಹೋದಂತೆ.

ಇನ್ನೊಂದು ಕಡೆ ‘ಸತಿ ಸುಲೋಚನಾ’ ಇದೆ. ಕನ್ನಡದ ಮೊದಲ ವಾಕ್ಚಿತ್ರ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾವ್ ಅಭಿನಯ, ಕೊಲ್ಹಾಪುರದಲ್ಲಿ ಚಿತ್ರೀಕರಣ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆ. ಕನ್ನಡ ಮೊದಲು ಮಾತಾಡಿದ ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ಯಾವ ತಂತ್ರಜ್ಞಾನವೂ ಅದನ್ನು ಕೇಳಿಸಲಾರದು.

ಬೇರ್ಪಡಿಸುವುದು ಬೇರೆ, ಹುಟ್ಟಿಸುವುದು ಬೇರೆ

ಕ್ಯಾಸೆಟ್ ಇಲ್ಲ, ರಾ ಫೂಟೇಜ್ ಇಲ್ಲ, ಹಾಡು ಮಾತು ಬೆರೆತುಹೋದ ಒಂದೇ ಫೈಲು ಇದೆ. ಆಗೇನು? ಹತ್ತು ವರ್ಷದ ಹಿಂದೆ ‘ಆಗಲ್ಲ’ ಎನ್ನುತ್ತಿದ್ದರು. ಈಗ ಸ್ವಲ್ಪ ಆಗುತ್ತದೆ.

ಜಾನ್ ಲೆನನ್ ಎಪ್ಪತ್ತರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೊ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಾಡಿಕೊಂಡದ್ದನ್ನು, ಅವರು ಹೋದ ನಾಲ್ಕು ದಶಕದ ಮೇಲೆ, ಯಂತ್ರ ಕಲಿಕೆಯ ಸಾಫ್ಟ್‌ವೇರಿನಿಂದ ಪಿಯಾನೊದಿಂದ ಬಿಡಿಸಿ ತೆಗೆದರು. 2023ರ ನವೆಂಬರ್ 2ರಂದು ಅದು ಬೀಟಲ್ಸ್ ತಂಡದ ಹೊಸ ಹಾಡಾಗಿ ಬಂತು. ಡೀಜರ್ ಸಂಸ್ಥೆ 2019ರಲ್ಲಿ ಹೊರತಂದ ‘ಸ್ಪ್ಲೀಟರ್’, ಮೆಟಾದ ‘ಡೆಮುಕ್ಸ್’ ಇಂಥವೇ ಸಾಧನಗಳು, ಎರಡೂ ಉಚಿತ. ಹಕ್ಕುಸ್ವಾಮ್ಯದ ಹಾಡು ಇದ್ದರೆ ಇಡೀ ತುಣುಕನ್ನು ಮೂಕ ಮಾಡಬೇಕಾಗುತ್ತಿದ್ದ ಯೂಟ್ಯೂಬ್ ಕೂಡ 2024ರಲ್ಲಿ ಹಾಡನ್ನಷ್ಟೇ ಅಳಿಸಿ ಮಾತು ಉಳಿಸುವ ಸಾಧನ ಕೊಟ್ಟಿತು.

ಇದಕ್ಕೆ ಮಿತಿಯಿದೆ. ಹಾಡು ಹಾಕಿದವರು ಮೂಲ ದನಿಯನ್ನು ಪೂರ್ತಿ ಮ್ಯೂಟ್ ಮಾಡಿದ್ದರೆ ಬಿಡಿಸಲು ಅಡಿಯಲ್ಲಿ ಏನೂ ಇರುವುದಿಲ್ಲ. ಮೆಲ್ಲಗೆ ಇಟ್ಟಿದ್ದರೆ ಸಿಗುತ್ತದೆ. ಹಾಡಿನ ಹಿಂದೆ ಹಾಡೇ ಇದ್ದರೆ, ಗಾಯಕಿಯ ದನಿಯನ್ನೂ ಸೋಬಾನೆಯ ದನಿಯನ್ನೂ ಯಂತ್ರ ಒಂದೇ ರಾಶಿಗೆ ಹಾಕುತ್ತದೆ.

ಹೀಗೆ ಬಿಡಿಸಿ ತೆಗೆಯುವುದನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಇನ್ನೊಂದಿದೆ: ಎರಡು ನಿಮಿಷದ ಮಾದರಿ ಕೊಟ್ಟರೆ ಅದೇ ದನಿಯಲ್ಲಿ ಹೊಸ ಮಾತು ಹುಟ್ಟಿಸುವ ಸೇವೆ. ತೀರಿಹೋದವರ ಬಾಯಲ್ಲಿ ಅವರು ಆಡದ ಮಾತು ಹಾಕಿ, ‘ದನಿ ವಾಪಸ್ ಬಂತು’ ಎಂದು ಮನೆಯವರ ಕೈಗೆ ಕೊಡುವುದು ತಪ್ಪು. ಅಜ್ಜಿ ಎಡವಿದ ಸಾಲು, ನಡುವೆ ಕೆಮ್ಮಿದ್ದು, ಪದ ಮರೆತು ಪಕ್ಕದವಳ ಮುಖ ನೋಡಿದ್ದು, ಇವೆಲ್ಲ ಸೇರಿಯೇ ಅದು ಅವರ ದನಿ.

ಶುಚಿ ಮಾಡುವುದಕ್ಕೂ ಇದೇ ಮಾತು. ನಮ್ಮ ಕರೆಂಟು 50 ಹರ್ಟ್ಸ್. ಅದರ ಗುಂಯ್‌ಗಾರ 50, 100, 150 ಹೀಗೆ ಗೊತ್ತಾದ ಜಾಗಗಳಲ್ಲೇ ಕೂರುತ್ತದೆ. ಅಷ್ಟನ್ನೇ ಸಣ್ಣಗೆ ಕತ್ತರಿಸಿದರೆ ದನಿಗೆ ನೋವಾಗದು. ಹೂಡಿಯ ಎಡಿಟರ್ ಮೊದಲು ‘ಡೀನಾಯ್ಸ್’ ಗುಂಡಿಯನ್ನು ಪೂರ್ತಿ ತಿರುಗಿಸಿ ತೋರಿಸಿದರು. ದನಿ ಶುಭ್ರವಾಯಿತು, ಬಳೆಗಳ ಸದ್ದು ಹೋಯಿತು. “ಬೇಡಣ್ಣಾ, ಬಳೆ ಇರ್ಲಿ,” ಎಂದರು ಕ್ಯಾಸೆಟ್ ತಂದಾಕೆ. ಅರ್ಧಕ್ಕೂ ಕೆಳಗೆ ಇಳಿಸಿದರು.

ಬಳೆ ಇರಬೇಕು. ಬಟ್ಟಲು ಕೇಳಿದ ಹೆಂಗಸಿನ ಕೂಗೂ ಇರಬೇಕು. ಆ ದನಿಗಳಿದ್ದ ಸೀಮೆಯೇ ಈಗ ಬದಲಾಗಿದೆ. ಹೂಡಿಗೆ 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ಅದಕ್ಕೂ ಮೊದಲೇ ಐಟಿಪಿಎಲ್, ಅದರ ಸುತ್ತ ಅಪಾರ್ಟ್‌ಮೆಂಟು, ಪಿ.ಜಿ.ಗಳು ಬಂದಿದ್ದವು. ಹೂಡಿ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ ಈಗ ನಿಲ್ದಾಣದ ಹೆಸರುಗಳು. ಇಲ್ಲಿಂದ ಹೊಸಕೋಟೆ, ಮಾಲೂರಿನವರೆಗಿನ ಸೀಮೆಯ ಮಾತು, ತೆಲುಗು ಬೆರೆತ ಅದರ ಕನ್ನಡ, ಒರಳಿನ ಮುಂದಿನ ಹಾಡು ಆಕಾಶವಾಣಿಯ ಯಾವ ಕಪಾಟಿಗಿಂತಲೂ ಹೆಚ್ಚಾಗಿ ಈ ಮದುವೆ ಕ್ಯಾಸೆಟ್ಟುಗಳಲ್ಲಿ ಸಿಗುತ್ತದೆ ಎಂದು ನನ್ನ ನಂಬಿಕೆ. ಅದನ್ನು ಹಿಡಿದವರು ಸಂಶೋಧಕರಲ್ಲ, ದಿನಗೂಲಿಗೆ ಬಂದ ಕ್ಯಾಮೆರಾಮನ್‌ಗಳು. ಅವರಿಗೆ ಗೊತ್ತಿಲ್ಲದೆ ಮೈಕು ಆನ್ ಆಗಿತ್ತು.

▪ ಬಾಕ್ಸ್: ಕೈಯಾರೆ ತೆಗೆದ ಆಡಿಯೊ ಮತ್ತೆ ಬೇಕೇ?

ಪ್ರೀಮಿಯರ್, ಡಾವಿಂಚಿ ರಿಸಾಲ್ವ್: ಕ್ಲಿಪ್ ಮೇಲೆ ಪ್ಲೇಹೆಡ್ ನಿಲ್ಲಿಸಿ ‘ಎಫ್’ ಒತ್ತಿ. ‘ಮ್ಯಾಚ್ ಫ್ರೇಮ್’ ಮೂಲ ಕ್ಲಿಪ್ಪನ್ನು ಅದೇ ಫ್ರೇಮಿನಲ್ಲಿ ತೆರೆದು ಕೊಡುತ್ತದೆ. ಆಡಿಯೊ ಮಾತ್ರ ಎಳೆದು ಟ್ರ್ಯಾಕಿಗೆ ಹಾಕಿ. ಪ್ರೀಮಿಯರ್‌ನಲ್ಲಿ ಕ್ಲಿಪ್ ತುದಿಯಲ್ಲಿ ಕೆಂಪು ಅಂಕಿ ಕಂಡರೆ ಅಷ್ಟು ಫ್ರೇಮ್ ಸಿಂಕ್ ತಪ್ಪಿದೆ ಎಂದರ್ಥ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಮೂವ್ ಇನ್‌ಟು ಸಿಂಕ್’ ಆರಿಸಿ.

ಶಾಟ್‌ಕಟ್: ಆಡಿಯೊ ಬೇರ್ಪಡಿಸಿದ ಮೇಲೆ ವಿಡಿಯೊ ಕ್ಲಿಪ್ಪಿನ ಪ್ರಾಪರ್ಟೀಸ್‌ನಲ್ಲಿ ಆಡಿಯೊ ಟ್ರ್ಯಾಕ್ ‘ನನ್’ ಎಂದಿರುತ್ತದೆ. ಅದನ್ನು ಮೊದಲಿನ ಟ್ರ್ಯಾಕಿಗೆ ಬದಲಿಸಿ.

ಯಾವುದರಲ್ಲೇ ಆಗಲಿ, ಮೂಲ ಟ್ರ್ಯಾಕನ್ನು ಡಿಲೀಟ್ ಮಾಡುವ ಬದಲು ಮ್ಯೂಟ್ ಮಾಡಿ ಅಡಿಯಲ್ಲಿ ಬಿಡಿ.

ಶ್ರಾವಣಕ್ಕೆ ಮುಹೂರ್ತ ಇಟ್ಟುಕೊಂಡವರು ಈಗ ಸ್ಟುಡಿಯೊಗಳಿಗೆ ಅಡ್ವಾನ್ಸ್ ಕೊಡುತ್ತಿದ್ದಾರೆ. ಡ್ರೋನ್ ಇದೆಯಾ, ಹೈಲೈಟ್ಸ್ ಎಷ್ಟು ನಿಮಿಷ, ಆಲ್ಬಮ್ ಎಷ್ಟು ಹಾಳೆ ಎಂದು ಚೌಕಾಸಿ ನಡೆಯುತ್ತದೆ. ಇನ್ನೆರಡು ಮಾತು ಸೇರಿಸಿ. ರಾ ಫೂಟೇಜನ್ನು ಕ್ಯಾಮೆರಾದಿಂದ ಬಂದ ಹಾಗೇ, ಆಡಿಯೊ ರೆಕಾರ್ಡರಿನ ಫೈಲುಗಳ ಸಮೇತ ನಮ್ಮ ಹಾರ್ಡ್‌ಡಿಸ್ಕಿಗೆ ಹಾಕಿಕೊಡಬೇಕು ಎಂದು ಬಿಲ್ಲಿನಲ್ಲೇ ಬರೆಸಿ. ಫೈನಲ್ ವಿಡಿಯೊ ಎರಡು ಥರ ಕೊಡಿ ಎನ್ನಿ: ಒಂದು ಹಾಡಿನದು, ಇನ್ನೊಂದು ಹಾಡಿಲ್ಲದ್ದು. ಅದೇ ಟೈಮ್‌ಲೈನಿನಲ್ಲಿ ಹಾಡಿನ ಟ್ರ್ಯಾಕ್ ಮ್ಯೂಟ್ ಮಾಡಿ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದರೆ ಮುಗಿಯಿತು, ಎಡಿಟರಿಗೆ ಅದು ರಾತ್ರಿ ಹಾಕಿ ಮಲಗುವ ಕೆಲಸ. ವಿಡಿಯೊ ಕೈಸೇರಿದ ಕೆಲವೇ ತಿಂಗಳಲ್ಲಿ ಸ್ಟುಡಿಯೊದವರು ಮುಂದಿನ ಸೀಸನ್ನಿಗೆ ಡಿಸ್ಕ್ ಖಾಲಿ ಮಾಡುತ್ತಾರೆ. ಡಿಸ್ಕು ತೆಗೆದುಕೊಂಡು ಅದಕ್ಕೆ ಮೊದಲೇ ಹೋಗಿ.